‘ಇಲ್ಲ’ ಎಂಬ ಮಾತನ್ನು ಬಾಗಿಲಲ್ಲಿ ನಿಂತು ಹೇಳಿದವರು

ಹಸಿದವರಿಗೆ ಅನ್ನ ಹಾಕುವವರು, ಸೂರಿಲ್ಲದವರಿಗೆ ಮೂಲೆಯಲ್ಲಿ ಜಾಗ ಕೊಡುವವರು ನಮ್ಮ ನಡುವೆ ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಅವರೆಲ್ಲರ ಗುಣಗಾನಕ್ಕೆ ಹೊರಟರೆ ಇಂಥ ಹತ್ತು ಅಭಿನಂದನ ಗ್ರಂಥಗಳು ಸಾಲವು. ಆದರೆ ಅನ್ನ ಬಡಿಸಿದ ಕೈಯನ್ನು ತೊಳೆದು ಒರೆಸಿಕೊಂಡು, ಚೀಲವನ್ನು ಹೆಗಲಿಗೇರಿಸಿ, ನೇರವಾಗಿ ಸರ್ಕಾರದ ಕಚೇರಿಯ ಮೆಟ್ಟಿಲು ಹತ್ತಿ, “ಇದು ನಾವು ಮಾಡ್ತಿರೋ ದಾನ ಅಲ್ಲ ಸ್ವಾಮಿ, ನೀವು ಮಾಡ್ಬೇಕಾಗಿದ್ದ ಕೆಲಸ” ಎಂದು ದನಿಯೇರಿಸದೆ, ದನಿಯಿಳಿಸದೆ ಹೇಳಬಲ್ಲವರು ತೀರ ವಿರಳ. ಆ ವಿರಳರಲ್ಲಿ ಅಗ್ರಗಣ್ಯರು, ಕಳೆದ ತಿಂಗಳು ನಮ್ಮ ನಗರದ ವಸತಿರಹಿತರ ತಂಗುದಾಣದ ಮುಖ್ಯಸ್ಥೆಯ ಸ್ಥಾನದಿಂದ ನಿವೃತ್ತರಾದ, ಎಲ್ಲರ ಬಾಯಲ್ಲೂ ‘ದುಪ್ಪಟಿಯಮ್ಮ’ನೆಂದೇ ಪ್ರಸಿದ್ಧರಾದ ಮಹನೀಯರು. ತಲೆಯ ಮೇಲಿನ ಸೂರು ಮತ್ತು ತುರ್ತಿನ ಒಂದು ಊಟ ದಾನಿಗಳ ಮನಸ್ಸು ಕರಗಿದ ದಿನ ಸಿಕ್ಕಿ, ಕರಗದ ದಿನ ತಪ್ಪಬಾರದು. ರಸ್ತೆಯ ದೀಪದಂತೆ, ನಲ್ಲಿಯ ನೀರಿನಂತೆ ಅದಕ್ಕೂ ಬೊಕ್ಕಸದಿಂದಲೇ ಹಣ ಬರಬೇಕು ಎಂಬುದು ಅವರ ಜೀವಮಾನದ ವಾದ.

ಈ ಲೇಖನ ಬರೆಯುವ ಅರ್ಹತೆ ನನಗೆ ಹೇಗೆ ಬಂತೆಂಬುದನ್ನೂ ಹೇಳಿಬಿಡುತ್ತೇನೆ. ನಾನು ಶಾಸನಸಭೆಯಲ್ಲಿ ಶೀಘ್ರಲಿಪಿಗಾರನಾಗಿದ್ದವನು. ಸದನದಲ್ಲೂ ಸಮಿತಿಗಳಲ್ಲೂ ಇತರರು ಆಡಿದ ಮಾತನ್ನು ಆಡಿದ ವೇಗದಲ್ಲೇ ಬರೆದುಕೊಳ್ಳುವುದು ನನ್ನ ವೃತ್ತಿ. ಆ ಮಾತಿಗೆ ತಲೆದೂಗುವುದಾಗಲಿ ಮೂಗು ಮುರಿಯುವುದಾಗಲಿ ನನ್ನ ಕೆಲಸವಾಗಿರಲಿಲ್ಲ. ಮೂಗು ಮುರಿಯಬೇಕೆನಿಸಿದಾಗ ನನ್ನ ಪೆನ್ಸಿಲಿನ ಮೊನೆ ಮುರಿಯುತ್ತಿತ್ತು, ಅಷ್ಟೆ. ಹೀಗೆ ಊರ ಮಾತನ್ನೆಲ್ಲ ಬರೆದು ಬರೆದು, ನನ್ನದೇ ಆದ ಒಂದು ಮಾತನ್ನು ಸಭೆಯಲ್ಲಿ ಆಡುವ ರೂಢಿಯೇ ತಪ್ಪಿಹೋಗಿದ್ದ ನನ್ನನ್ನು ನಿವೃತ್ತಿಯ ನಂತರ ತಮ್ಮ ಮನವಿಪತ್ರಗಳ ಕೆಲಸಕ್ಕೆ ಹಚ್ಚಿದವರು ಅವರು. ಆದ್ದರಿಂದ ಅವರನ್ನು ಸರ್ಕಾರದ ಕಡೆಯಿಂದಲೂ ನೋಡಿದ್ದೇನೆ, ಅವರ ಕಡೆಯಿಂದಲೂ ನೋಡಿದ್ದೇನೆ.

ದುಪ್ಪಟಿಯಮ್ಮನವರ ವೃತ್ತಿಜೀವನ ಆರಂಭವಾದದ್ದು ಒಂದು ದೊಡ್ಡ ಹೋಟೆಲಿನಲ್ಲಿ. ಅಲ್ಲಿನ ಕೋಣೆಗಳ ಮೇಲ್ವಿಚಾರಣೆ ಅವರದು. ಹಾಸಿಗೆಯ ಮೇಲೆ ಚಾದರ ಹಾಸಿ, ನಾಲ್ಕು ಮೂಲೆಗಳನ್ನೂ ಬಿಗಿದು, ಅಂಗೈಯಿಂದ ಒಮ್ಮೆ ಸವರಿದರೆಂದರೆ ಅದರ ಮೇಲೆ ಸುಕ್ಕು ಹುಡುಕಲು ಭೂತಗನ್ನಡಿ ಬೇಕು. ಅತಿಥಿ ಬಂದಾಗ ಎಲ್ಲವೂ ಅಚ್ಚುಕಟ್ಟಾಗಿರಬೇಕು, ಮನೆಯೊಳಗಿನ ಕಷ್ಟ ಅತಿಥಿಯ ಕಣ್ಣಿಗೆ ಬೀಳಬಾರದು ಎಂಬ ಪಾಠವನ್ನು ಅವರು ಅಲ್ಲಿ ಕಲಿತರು. ಅದೇ ಪಾಠ ಮುಂದೆ ಅವರನ್ನು ಅಳಿಸಿತು. ಆ ಕಥೆ ಮುಂದೆ ಬರುತ್ತದೆ.

ಆ ಹೋಟೆಲಿನ ಬಟ್ಟೆ ವಿಭಾಗದಲ್ಲಿ ಇಸ್ತ್ರಿ ಹಾಕುವವರೊಬ್ಬರಿದ್ದರು. ಎಲ್ಲರಿಗೂ ಅವರು ಇಸ್ತ್ರಿಯಣ್ಣ. ಹೋಟೆಲಿನವರು ಬಟ್ಟೆಯ ಕೆಲಸವನ್ನು ಹೊರಗಿನ ಗುತ್ತಿಗೆದಾರರಿಗೆ ಒಪ್ಪಿಸಿದಾಗ ಅವರ ಕೆಲಸ ಹೋಯಿತು; ಕೆಲಸದ ಜೊತೆಗೆ ಬಾಡಿಗೆಯ ಕೋಣೆಯೂ ಹೋಯಿತು. ಒಂದು ಚಳಿಗಾಲದ ಬೆಳಿಗ್ಗೆ ದುಪ್ಪಟಿಯಮ್ಮನವರು ಹಿಂಬಾಗಿಲಿನಿಂದ ಒಳಗೆ ಬರುವಾಗ, ಬಾಯ್ಲರಿನ ಬಿಸಿಗಾಳಿ ಹೊರಬರುವ ಗೋಡೆಯ ಕಿಂಡಿಗೆ ಬೆನ್ನು ಒತ್ತಿಕೊಂಡು ಇಸ್ತ್ರಿಯಣ್ಣ ಮಲಗಿದ್ದರು. ತಲೆಯ ಮೇಲಿನ ಮಹಡಿಗಳಲ್ಲಿ ಇವರೇ ಮೂಲೆ ಬಿಗಿದ ಹಾಸಿಗೆಗಳು ಸಾಲುಸಾಲಾಗಿ ಖಾಲಿ ಬಿದ್ದಿದ್ದವು. “ಆವತ್ತು ಹಾಸಿಗೆ ಸರಿಮಾಡೋಕೆ ಹೋದ್ರೆ ಕೈಯೇ ಓಡ್ಲಿಲ್ಲ ಸರ್” ಎಂದು ಅವರು ನನಗೆ ಹೇಳಿದ್ದುಂಟು.

ದುಪ್ಪಟಿಯಮ್ಮನವರು ಇಸ್ತ್ರಿಯಣ್ಣನವರನ್ನು ಕೈಹಿಡಿದು ಕರೆದುಕೊಂಡು ಬಂದದ್ದು ಸಗಟು ಮಾರುಕಟ್ಟೆಯ ಹಿಂದಿದ್ದ ಹಳೆಯ ಗೋದಾಮಿಗೆ. ಕೆಲವು ಸಹೃದಯರು ಅಲ್ಲಿ ತಂಗುದಾಣವೊಂದನ್ನು ನಡೆಸುತ್ತಿದ್ದರು. ನಡೆಸುತ್ತಿದ್ದರು ಎನ್ನುವುದಕ್ಕಿಂತ ಎಳೆಯುತ್ತಿದ್ದರು ಎನ್ನುವುದು ಸರಿ. ಕೆಳಗೆ ಅಡುಗೆಮನೆ ಮತ್ತು ಒಂದು ಹಜಾರ, ಮೇಲೆ ಇನ್ನೊಂದು ಹಜಾರ, ಜನ ಮಲಗುತ್ತಿದ್ದುದು ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ ಹಾಸಿದ ನೆಲದ ಮೇಲೆ. ಒಬ್ಬರನ್ನು ಬಿಟ್ಟುಹೋಗಲು ಬಂದವರು ಮರುದಿನ ಹೋಟೆಲಿನಲ್ಲಿ ಬಿಸಾಡಲೆಂದು ಕಟ್ಟಿಟ್ಟಿದ್ದ ಹಳೆಯ ಚಾದರಗಳನ್ನು ಮ್ಯಾನೇಜರರಿಂದ ಕೇಳಿ ತಂದರು. ಸವೆದ ಎರಡು ಚಾದರಗಳನ್ನು ಜೋಡಿಸಿ ಹೊಲಿದರೆ ಒಂದು ಗಟ್ಟಿ ದುಪ್ಪಟಿ. ಹೊಲಿಗೆ ಇವರದು, ಇಸ್ತ್ರಿ ಅಣ್ಣನದು. ಹೆಸರು ಅಂಟಿಕೊಂಡದ್ದು ಹೀಗೆ, ಕೆಲಸವೂ ಅಂಟಿಕೊಂಡಿತು. ಒಂದು ವರ್ಷ ತುಂಬುವುದರೊಳಗೆ ಹೋಟೆಲಿನ ನೌಕರಿಗೆ ರಾಜೀನಾಮೆ ಕೊಟ್ಟು ಗೋದಾಮಿಗೆ ಬಂದುಬಿಟ್ಟರು. ಅವರ ಅತ್ತೆ, ಮಾತಿನಲ್ಲಿ ಮೆಣಸಿನಕಾಯಿ, ಮನಸ್ಸಿನಲ್ಲಿ ಬೆಣ್ಣೆ, ನೆರೆಮನೆಯವರಿಗೆ ಹೇಳುತ್ತಿದ್ದರಂತೆ: “ಎಲ್ಲರ ಸೊಸೇರು ಮೆಟ್ಟಿಲು ಹತ್ತಿ ಮೇಲೆ ಹೋಗ್ತಾರೆ, ನಮ್ಮೋಳು ಲಿಫ್ಟಿನಲ್ಲಿ ಕೆಳಗೆ ಬಂದ್ಲು.” ಹಾಗೆಂದ ಅತ್ತೆಯೇ ಮನೆಯ ಹಳೆಯ ಹೊದಿಕೆಗಳನ್ನೆಲ್ಲ ಗಂಟು ಕಟ್ಟಿ, ಬಸ್ ಓಡಿಸುವ ಮಗನ ಕೈಯಲ್ಲಿ ಗೋದಾಮಿಗೆ ಕಳಿಸಿದರು.

ಅವರು ಬಂದಮೇಲೆ ಆ ಮನೆಯ ನಡವಳಿಕೆಯೇ ಬದಲಾಯಿತು. ಬಾಗಿಲಿಗೆ ಬಂದವರನ್ನು ಮೊದಲು ಊರು ಯಾವುದು, ಹೆಸರೇನು ಎಂದು ಕೇಳುವಂತಿರಲಿಲ್ಲ, “ಬನ್ನಿ, ಊಟ ಆಯ್ತಾ?” ಎಂದೇ ಕೇಳಬೇಕು. ಪ್ರೆಶರ್ ಕುಕ್ಕರೊಂದನ್ನು ಎದೆಗವಚಿಕೊಂಡು ಬಂದು, ಮಲಗುವಾಗಲೂ ಅದನ್ನು ಬಿಡದಿದ್ದ ತಾಯಿಯೊಬ್ಬರಿಗೆ ಅವರು ಒಂದೇ ಒಂದು ಪ್ರಶ್ನೆಯನ್ನೂ ಕೇಳದೆ, ಬೀಗವಿರುವ ಕಪಾಟಿನ ಕೀಲಿಯನ್ನು ಕೈಗಿಟ್ಟರು. ಮುಂದೆ ಆ ತಾಯಿಗೆ ಬಾಡಿಗೆಯ ಕೋಣೆ ಸಿಕ್ಕಿ ಹೊರಟ ದಿನ, ಆ ಕುಕ್ಕರಿನಲ್ಲಿ ಮೊದಲ ಅಡುಗೆ ಮಾಡಿ ತಂದು ಎಲ್ಲರಿಗೂ ಒಂದೊಂದು ತುತ್ತು ಹಂಚಿದರು.

ಆದರೆ ಅವರು ತಂದ ನಿಯಮಗಳಲ್ಲಿ ಒಂದನ್ನು ಇಲ್ಲಿ ಒತ್ತಿ ಹೇಳಬೇಕು. ತಂಗುದಾಣ ಭರ್ತಿಯಾದಮೇಲೂ, ಅಡುಗೆ ಮುಗಿದಮೇಲೂ ಜನ ಬರುತ್ತಲೇ ಇರುತ್ತಾರೆ. ಹಿಂದೆ ಅಂಥ ಹೊತ್ತಿನಲ್ಲಿ ಬಾಗಿಲಿಗೆ ‘ಸ್ಥಳವಿಲ್ಲ’ ಎಂಬ ಫಲಕ ತೂಗುಹಾಕಿ ಚಿಲಕ ಹಾಕುತ್ತಿದ್ದರು. ದುಪ್ಪಟಿಯಮ್ಮನವರು ಬಂದ ಹೊಸದರಲ್ಲೇ ಆ ಫಲಕವನ್ನು ಇಳಿಸಿ, ಅಡುಗೆಯ ಸೌಟಕ್ಕನಿಗೆ ತರಕಾರಿ ಹೆಚ್ಚುವ ಹಲಗೆಯಾಗಿ ಕೊಟ್ಟುಬಿಟ್ಟರು. “ಇಲ್ಲ ಅನ್ನೋದನ್ನ ಹಲಗೆ ಹೇಳ್ಬಾರ್ದು, ಮನುಷ್ಯ ಹೇಳ್ಬೇಕು. ಅದೂ ಯಾರೋ ಸಿಕ್ಕಿದೋರಲ್ಲ, ಆ ಹೊತ್ತಲ್ಲಿ ಇಲ್ಲಿರೋರಲ್ಲಿ ಯಾರು ಹಿರಿಯರೋ ಅವರು ಬಾಗಿಲಿಗೆ ಬಂದು, ಮುಖ ನೋಡಿ ಹೇಳ್ಬೇಕು” ಎಂಬುದು ಅವರ ಕಟ್ಟಪ್ಪಣೆ. ಹಾಗೆ ಹೇಳಿ ಕಳಿಸುವಾಗ ಬರಿಗೈಯಲ್ಲಿ ಕಳಿಸುವಂತಿಲ್ಲ; ಒಂದು ದುಪ್ಪಟಿಯನ್ನು ಮಡಿಸಿ ಕೊಡಬೇಕು. ಮುಖ್ಯಸ್ಥೆಯಾದಮೇಲೆ ಅಲ್ಲಿ ಹಿರಿಯರೆಂದರೆ ಅವರೇ. ಆದ್ದರಿಂದ ಪ್ರತಿ ಸಂಜೆಯೂ ಆ ಒಂದು ಮಾತನ್ನು ಅವರೇ ಹೇಳಿದರು. ನಗುನಗುತ್ತ ಊಟ ಬಡಿಸುವ ಫೋಟೋಗಳು ಈ ಗ್ರಂಥದಲ್ಲಿ ಬೇಕಾದಷ್ಟಿವೆ. ಬಾಗಿಲಲ್ಲಿ ನಿಂತು ‘ಇಲ್ಲ’ ಎನ್ನುತ್ತಿರುವ ಫೋಟೋ ಒಂದೂ ಇಲ್ಲ, ಯಾಕೆಂದರೆ ಅದನ್ನು ತೆಗೆಯುವ ಎದೆ ಯಾರಿಗೂ ಇರಲಿಲ್ಲ.

ಸರ್ಕಾರದ ಅನುದಾನ ಆಗ ಸ್ವಲ್ಪ ಬರುತ್ತಿತ್ತು. ಅದೂ ವರ್ಷ ವರ್ಷ ಕೈಯೊಡ್ಡಿ ಪಡೆಯಬೇಕಾದದ್ದು. ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಒಂದು ವರ್ಷ, ಅನುದಾನವನ್ನು ಹೆಚ್ಚಿಸಬೇಕೆಂಬ ಅವರ ಮನವಿಯನ್ನು ಪರಿಶೀಲಿಸಲು ಸದನ ಸಮಿತಿಯೊಂದು ತಂಗುದಾಣಕ್ಕೆ ಖುದ್ದಾಗಿ ಭೇಟಿ ಕೊಡುವುದೆಂದು ತೀರ್ಮಾನವಾಯಿತು. ಸಮಿತಿಯ ಹಿಂದೆ ಪೆನ್ಸಿಲು ಹಿಡಿದು ಹೋದವನು ನಾನು. ನಮ್ಮ ಮೊದಲ ಭೇಟಿ ಅದೇ.

ನಾವು ಕಂಡದ್ದೇನು? ಸುಣ್ಣ ಬಳಿದ ಗೋಡೆ. ಮಿರಮಿರನೆ ಮಿಂಚುವ ನೆಲ. ಎರವಲು ತಂದ ಮಂಚಗಳ ಮೇಲೆ ಗರಿಗರಿಯಾದ ಚಾದರ, ಮೂಲೆಗಳು ಬಿಗಿದದ್ದು ಬಿಗಿದ ಹಾಗೆ. ಪ್ರತಿ ಕಿಟಕಿಯಲ್ಲೂ ಗಾಜಿನ ಲೋಟದಲ್ಲಿ ಹೂವು. ಹಜಾರದಲ್ಲಿ ಕೆಲವರೇ ಕೆಲವರು, ಬಾಚಿದ ತಲೆ, ಶುಭ್ರ ಬಟ್ಟೆ, ಕೈಕಟ್ಟಿ ಕೂತಿದ್ದರು. ಊಟವೂ ಸೊಗಸಾಗಿತ್ತು, ಸೌಟಕ್ಕ ಆ ದಿನ ಕೈಬಿಚ್ಚಿ ಮಾಡಿದ್ದರು, ನಾನೇ ಎರಡು ಸಲ ಹಾಕಿಸಿಕೊಂಡೆ. ಸಮಿತಿಯ ಅಧ್ಯಕ್ಷರು ಒಳ್ಳೆಯ ಮನುಷ್ಯರು, ಹೃದಯವಂತರು. ಚಾದರವನ್ನು ಬೆರಳಿನಿಂದ ಮುಟ್ಟಿ, “ಏನಮ್ಮಾ ಇದು, ನಮ್ಮನೇಲೂ ಹಾಸಿಗೆ ಹಿಂಗಿರಲ್ವಲ್ಲ!” ಎಂದು ಮೆಚ್ಚಿದರು. ದುಪ್ಪಟಿಯಮ್ಮನವರ ಮುಖ ಅರಳಿತು. ಹೋಟೆಲಿನ ಅತಿಥಿಯಿಂದ ಅಂಥ ಮಾತು ಬಂದಿದ್ದರೆ ಬಡ್ತಿ ಸಿಗುತ್ತಿತ್ತು.

ಇಲ್ಲಿ ಸಿಕ್ಕಿದ್ದು ಬೇರೆ. ಸಂಸ್ಥೆಯು ಅತ್ಯುತ್ತಮ ಸ್ಥಿತಿಯಲ್ಲಿದ್ದು, ಸಾರ್ವಜನಿಕರ ಔದಾರ್ಯವೇ ಅದಕ್ಕೆ ಸಾಕಾಗುವಂತೆ ಕಾಣುವುದರಿಂದ, ಸರ್ಕಾರದ ನೆರವನ್ನು ಹೆಚ್ಚು ಅಗತ್ಯವಿರುವ ಕಡೆಗೆ ತಿರುಗಿಸುವುದು ಸೂಕ್ತ ಎಂದು ಸಮಿತಿ ಶಿಫಾರಸು ಮಾಡಿತು. ಆ ವಾಕ್ಯವನ್ನು ಬರೆದುಕೊಂಡವನು ನಾನೇ. ಅದು ವ್ಯಾಕರಣಶುದ್ಧವಾಗಿತ್ತು. ನಮಗೆ ಯಾರಿಗೂ ತಿಳಿಯದೆ ಇದ್ದದ್ದೇನೆಂದರೆ, ದಿನವೂ ಬರಿ ನೆಲದ ಮೇಲೆ ಒತ್ತೊತ್ತಾಗಿ ಮಲಗುತ್ತಿದ್ದವರೆಲ್ಲರನ್ನೂ ಆ ದಿನದ ಮಟ್ಟಿಗೆ ಸಾರ್ವಜನಿಕ ಗ್ರಂಥಾಲಯದ ಓದುವ ಕೋಣೆಗೆ ಕಳಿಸಲಾಗಿತ್ತು. ಬೆಳಗಿನಿಂದ ಕೂತು ಆ ಚಾದರಗಳಿಗೆಲ್ಲ ಇಸ್ತ್ರಿ ಹಾಕಿ ಮುಗಿಸಿದ ಇಸ್ತ್ರಿಯಣ್ಣನೂ, ಕೊನೆಯ ಚಾದರವನ್ನು ಮಡಿಸಿಟ್ಟು, ಅವರ ಜೊತೆ ಅಲ್ಲಿಗೇ ಹೋಗಿದ್ದರು.

ಅನುದಾನ ನಿಂತಿತು. ಚಳಿ ಶುರುವಾಗುವ ಹೊತ್ತಿಗೆ ಮೇಲಿನ ಹಜಾರವನ್ನು ಮುಚ್ಚಬೇಕಾಯಿತು. ಎರವಲು ಮಂಚಗಳು ಮೊದಲೇ ವಾಪಸು ಹೋಗಿದ್ದವು. ಸಂಜೆಯ ಊಟದ ಸಾಲು ಉದ್ದವಾಯಿತು, ಪಾತ್ರೆ ಚಿಕ್ಕದಾಯಿತು. ದುಪ್ಪಟಿಯಮ್ಮನವರು ಬಾಗಿಲಲ್ಲಿ ಹೇಳಬೇಕಾದ ಮಾತು ದಿನದಿನಕ್ಕೆ ಹೆಚ್ಚಾಯಿತು. ಮೇಲಿನ ಹಜಾರದಿಂದ ಇಳಿದವರಿಗೆ ಕೆಳಗೆ ಜಾಗ ಮಾಡುತ್ತಿದ್ದಾಗ, ಇಸ್ತ್ರಿಯಣ್ಣ ತಮ್ಮ ಜಾಗವನ್ನು ಕಾಲುನೋವಿನ ಮುದುಕರೊಬ್ಬರಿಗೆ ಬಿಟ್ಟುಕೊಟ್ಟು, ಯಾರಿಗೂ ಹೇಳದೆ ಹೊರಟುಹೋದರು.

ಅವರನ್ನು ಹುಡುಕಿ ದುಪ್ಪಟಿಯಮ್ಮನವರು ಹೋಗದ ಜಾಗವಿಲ್ಲ. ಬಸ್ ನಿಲ್ದಾಣ, ರೈಲಿನ ಕಾಯುವ ಕೋಣೆ, ಸೇತುವೆಯ ಕೆಳಗೆ, ಹಳೆಯ ಹೋಟೆಲಿನ ಆ ಬಿಸಿಗಾಳಿಯ ಕಿಂಡಿಯ ಬಳಿ. ಕೊನೆಗೆ ಸಿಕ್ಕಿದ್ದು ಸರ್ಕಾರಿ ಆಸ್ಪತ್ರೆಯಲ್ಲಿ, ಎದೆಯಲ್ಲಿ ಕಫ ಕಟ್ಟಿ ಉಸಿರಿಗೆ ಒದ್ದಾಡುತ್ತಿದ್ದ ಸ್ಥಿತಿಯಲ್ಲಿ. ಇವರನ್ನು ನೋಡಿ ಅವರು ಬೈಯಲಿಲ್ಲ. ಮೆಲ್ಲಗೆ ಹೇಳಿದರಂತೆ: “ಅಲ್ಲ ತಂಗೀ, ನೆಂಟರು ಬಂದಾರೆ ಅಂತ ಮನೆ ಮಂದೀನೆಲ್ಲ ಹೊರಗೆ ಕಳ್ಸಿದ್ರೆ, ಇಲ್ಲಿ ಮಂದಿ ಇದ್ದಾರೆ ಅಂತ ನೆಂಟರಿಗೆ ಹೆಂಗೆ ಗೊತ್ತಾಗುತ್ತೆ?”

ಆ ದಿನ ಮನೆಗೆ ಬಂದು ದುಪ್ಪಟಿಯಮ್ಮನವರು ಅಡುಗೆಮನೆಯ ಕಟ್ಟೆಗೆ ಒರಗಿ ಅತ್ತರು. ಅತ್ತೆ ಸಮಾಧಾನ ಮಾಡುವ ಜಾತಿಯವರಲ್ಲ. “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ನೀನು ಮಾಡಿದ್ದು ಅದೇ ಕಣೇ. ಹೂ ಮುಡ್ಕೊಂಡು ಹೋಗಿ ಹಿಟ್ಟು ಕೇಳಿದ್ರೆ ಯಾರು ಕೊಡ್ತಾರೆ?” ಎಂದವರೇ, “ಅಳೋದಾದ್ರೆ ಉಂಡು ಅಳು” ಎಂದು ತಟ್ಟೆ ಮುಂದಿಟ್ಟರು. ಈ ಪ್ರಸಂಗವನ್ನು ದುಪ್ಪಟಿಯಮ್ಮನವರೇ ಎಷ್ಟೋ ಸಭೆಗಳಲ್ಲಿ ನಗುತ್ತ ಹೇಳಿದ್ದಾರೆ.

ಅಲ್ಲಿಂದ ಅವರು ಸರ್ಕಾರದ ಬೆನ್ನು ಬಿಡಲಿಲ್ಲ. ಚಳಿ ಕಳೆಯುವ ತನಕ ಹಗಲೆಲ್ಲ ಕಚೇರಿಗಳ ಬೆಂಚು, ಸಂಜೆಯಾದರೆ ತಂಗುದಾಣದ ಬಾಗಿಲು. ಒಂದು ಕಡೆ ಮೂಗಿಗೆ ತುಪ್ಪ ಸವರಿ ಕಳಿಸಿದರು, ಇನ್ನೊಂದು ಕಡೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದರು. ಇಲಾಖೆಯ ಮಂತ್ರಿಗಳೇನೋ ಒಪ್ಪಿದರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಕಡತ ಹಣಕಾಸು ಕಾರ್ಯದರ್ಶಿಗಳ ಮೇಜಿನಲ್ಲಿ ನಿಂತಿತು. ಸಮಿತಿಯ ಮುಂದೆ ನಡೆದ ವಿಚಾರಣೆಯಲ್ಲಿ ಆ ಕಾರ್ಯದರ್ಶಿಗಳು, ಜಾಣರು, ಮಿತಭಾಷಿಗಳು, ಕನ್ನಡಕ ಒರೆಸುತ್ತ ಹೇಳಿದರು: “ನೋಡಿ ಮೇಡಂ, ಸರ್ಕಾರಾನೂ ಒಂದು ಸಂಸಾರ ಇದ್ದಂಗೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ವಾ?”

“ಆ ಗಾದೆ ಹಾಸಿಗೆ ಇರೋರಿಗೆ ಸರ್” ಎಂದರು ದುಪ್ಪಟಿಯಮ್ಮ. “ಹಾಸಿಗೇನೇ ಇಲ್ದೋರು ಕಾಲು ಎಲ್ಲಿ ಚಾಚ್ಬೇಕು ಅಂತ ಅದರಲ್ಲಿ ಹೇಳಿಲ್ಲ.”

ಸಭೆಯಲ್ಲಿ ನಗು ಎದ್ದಿತು. ನಗುವನ್ನು ಶೀಘ್ರಲಿಪಿಯಲ್ಲಿ ಬರೆಯುವ ಪದ್ಧತಿ ಇಲ್ಲ. ಆದರೂ ಆ ದಿನ ನಾನು ಆವರಣದೊಳಗೆ ‘ನಗು’ ಎಂದು ಬರೆದೆ. ಕಾರ್ಯದರ್ಶಿಗಳು ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಸಮಿತಿ ಇನ್ನೊಮ್ಮೆ ಸ್ಥಳಪರಿಶೀಲನೆ ಮಾಡಲಿ ಎಂದರು; ತಾವೂ ಬರುವುದಾಗಿ ಹೇಳಿದರು.

ಈ ಸುದ್ದಿ ತಲುಪಿದಾಗ ತಂಗುದಾಣದ ಸಿಬ್ಬಂದಿಗೆ ಹೊಸ ಹುಮ್ಮಸ್ಸು ಬಂತು. ಹೋದ ಸಲ ಚೆನ್ನಾಗಿ ತೋರಿಸಿ ಕೆಟ್ಟೆವು, ಈ ಸಲ ಕೆಟ್ಟದಾಗಿ ತೋರಿಸಿ ಗೆಲ್ಲೋಣ ಎಂಬುದು ಅವರ ಲೆಕ್ಕಾಚಾರ. ಸೌಟಕ್ಕನ ಸಲಹೆ ಏನೆಂದು ಅವರೇ ನನಗೆ ಹೇಳಿದ್ದಾರೆ: “ಎರಡು ಕಿಟಕಿ ಗಾಜು ಒಡೆದು ಬಿಡೋಣ ಮೇಡಂ, ಸಾರಿಗೆ ನೀರು ಜಾಸ್ತಿ ಹಾಕ್ತೀನಿ, ನೀವು ಒಂದು ಹರಿದಿರೋ ಶಾಲು ಹೊದ್ಕೊಂಡು ಕೆಮ್ಮಿ.” ದುಪ್ಪಟಿಯಮ್ಮನವರು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಂಭೀರರಾದರು. “ಹೋದ ಸಲ ಒಂದು ಸುಳ್ಳು ಹೇಳಿ ಅಣ್ಣನ್ನ ಆಸ್ಪತ್ರೆಗೆ ಕಳ್ಸಿದ್ವಿ. ಈ ಸಲ ಇನ್ನೊಂದು ಸುಳ್ಳು ಬೇಡ. ಹಾಸಿಗೆ ಮೂಲೆ ದಿನಾ ಬಿಗೀತೀವಿ, ಆವತ್ತೂ ಬಿಗಿಯೋಣ. ನೆಲದ ಮೇಲೆ ದಿನಾ ಮಲಗ್ತಾರೆ, ಆವತ್ತೂ ಮಲಗಲಿ. ಸಾರು ಎಂದಿನ ಹಾಗೆ. ಬಂದೋರು ಸಾಲಲ್ಲಿ ನಿಲ್ಲಲಿ.”

ಹಾಗೆಯೇ ಆಯಿತು. ಸಮಿತಿಯವರನ್ನು ಸಂಜೆಗೆ ಬರಹೇಳಿದ್ದರು. ಆಸ್ಪತ್ರೆಯಿಂದ ಮರಳಿ ಬಂದು, ಇನ್ನೂ ನಿಶ್ಶಕ್ತರಾಗಿದ್ದ ಇಸ್ತ್ರಿಯಣ್ಣ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಬಂದವರಿಗೆ ಸಾಲು ತೋರಿಸುತ್ತಿದ್ದರು. ಶಾಸಕರೆಂದೂ ನೋಡದೆ, “ಹಿಂದಕ್ಕೆ ಹೋಗಿ ಸ್ವಾಮಿ, ಎಲ್ಲರೂ ಹಿಂದಿನಿಂದಾನೇ ಬರೋದು” ಎಂದರು. ಸಮಿತಿಯವರು ನಿಂತರು. ಹಣಕಾಸು ಕಾರ್ಯದರ್ಶಿಗಳು ಅವರ ಹಿಂದೆ, ಅವರ ಹಿಂದೆ ನಾನು. ನನ್ನ ಹಿಂದೆಯೂ ಜನ ಬಂದು ಸೇರುತ್ತಲೇ ಇದ್ದರು. ಸಾಲು ಹಜಾರವನ್ನು ಸುತ್ತಿ, ಮಲಗಿದವರ ಕಾಲುಗಳನ್ನು ದಾಟಿ, ಮುಚ್ಚಿದ ಮೇಲ್ಮಹಡಿಯ ಮೆಟ್ಟಿಲ ಬುಡದಿಂದ ಹಾದು, ಹೊರಗಿನ ರಸ್ತೆಯವರೆಗೆ ಇತ್ತು. ಅಧ್ಯಕ್ಷರು ಮಲಗಿದ್ದವರೊಬ್ಬರ ಕೈಯನ್ನು ತುಳಿಯುವುದರಲ್ಲಿದ್ದು, ಬೆಚ್ಚಿ ಕಾಲೆತ್ತಿ, ಬಹಳ ಹೊತ್ತು ಒಂಟಿಕಾಲಿನಲ್ಲಿ ನಿಂತಂತೆ ನಿಂತಿದ್ದರು. ಹೋದ ವರ್ಷ ಇವರೆಲ್ಲ ಎಲ್ಲಿದ್ದರು ಎಂದು ಅವರು ಕೇಳಿದಾಗ ದುಪ್ಪಟಿಯಮ್ಮನವರು, “ಲೈಬ್ರರೀಲಿ ಸರ್. ನಾನೇ ಕಳ್ಸಿದ್ದೆ, ತಪ್ಪು ನಂದೇ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಕಾರ್ಯದರ್ಶಿಗಳ ಸರದಿ ಬಂತು. ಸೌಟಕ್ಕ ಪಾತ್ರೆಯ ತಳ ಕೆರೆದು ಅವರ ತಟ್ಟೆಗೆ ಬಡಿಸಿ, ಸೌಟನ್ನು ಬೋರಲು ಹಾಕಿದರು. ಅಡುಗೆ ಮುಗಿದಿತ್ತು. ಕಾರ್ಯದರ್ಶಿಗಳು ಹಿಂದೆ ತಿರುಗಿ ನೋಡಿದರು. ನನ್ನನ್ನು ಬಿಟ್ಟರೆ ಮುಂದಿನವರು ತೋಳಿನಲ್ಲಿ ನಿದ್ದೆಹೋದ ಮಗುವನ್ನು ಹೊತ್ತ ತಾಯಿ. ಕಾರ್ಯದರ್ಶಿಗಳು ತಮ್ಮ ತಟ್ಟೆಯನ್ನು ಆಕೆಗೆ ಕೊಟ್ಟರು. ಕೊಟ್ಟು, ಕೈಬೀಸಿಕೊಂಡು ಹೊರಡಲು ಸಿದ್ಧರಾದರು. ಅವರ ಪಾಲಿಗೆ ಅಲ್ಲಿಗೆ ವಿಷಯ ಮುಗಿದಿತ್ತು.

ದುಪ್ಪಟಿಯಮ್ಮನವರು ಮುಗಿಸಲು ಬಿಡಲಿಲ್ಲ. “ಒಂದು ನಿಮಿಷ ಸರ್. ಆಕೆ ಹಿಂದೆ ಇನ್ನೂ ಜನ ನಿಂತಿದ್ದಾರೆ. ಈ ಮನೇಲಿ ಒಂದು ಪದ್ಧತಿ. ಇಲ್ಲ ಅನ್ನೋದನ್ನ ಇಲ್ಲಿರೋರಲ್ಲಿ ಹಿರಿಯರು ಹೇಳ್ಬೇಕು. ದಿನಾ ನಾನು ಹೇಳ್ತೀನಿ. ಇವತ್ತು ನನಗಿಂತ ದೊಡ್ಡೋರು ನೀವಿದ್ದೀರಿ.”

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಮನೆಯ ಹಿರಿಯರನ್ನು ಮುಂದೆ ನಿಲ್ಲಲು ಕರೆಯುವ ಮರ್ಯಾದೆಯೇ ಇತ್ತು. ಕಾರ್ಯದರ್ಶಿಗಳು ಸಾಲಿನ ಮುಂದೆ ಹೋಗಿ ನಿಂತರು. ಕಡತಗಳ ಅಂಚಿನಲ್ಲಿ ‘ಅವಕಾಶವಿಲ್ಲ’ ಎಂದು ಕಣ್ಣು ಮಿಟುಕಿಸದೆ ಬರೆಯುತ್ತಿದ್ದ ಮನುಷ್ಯ ಅವರು. ಕನ್ನಡಕ ತೆಗೆದರು, ಹಾಕಿಕೊಂಡರು. ಕೊನೆಗೆ, “ನಾಳೆ...” ಎಂದು ಶುರುಮಾಡಿದರು.

“ನಾಳೆ ಅನ್ಬೇಡಿ ಸರ್” ಎಂದರು ದುಪ್ಪಟಿಯಮ್ಮ, ಮೆಲ್ಲಗೆ. “ನಾಳೆ ಈ ಬಾಗಿಲಲ್ಲಿ ನೀವಿರಲ್ಲ, ನಾನಿರ್ತೀನಿ.”

ಕಾರ್ಯದರ್ಶಿಗಳು ತಲೆ ತಗ್ಗಿಸಿ, “ಇವತ್ತಿಗೆ ಇಲ್ಲಮ್ಮ, ಇಲ್ಲಪ್ಪ, ಮುಗೀತು” ಎಂದರು. ಒಬ್ಬೊಬ್ಬರೇ ಅವರ ಕೈಯಿಂದ ದುಪ್ಪಟಿ ತೆಗೆದುಕೊಂಡು ಹೊರಗೆ ನಡೆದರು. ನನ್ನ ವೃತ್ತಿಯಲ್ಲಿ ಅದೊಂದು ಸಂಜೆ ನಾನು ಏನನ್ನೂ ಬರೆದುಕೊಳ್ಳಲಿಲ್ಲ.

ಮುಂದಿನದು ಈಗ ದಾಖಲೆಯಲ್ಲಿರುವ ಸಂಗತಿ, ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಮರುವರ್ಷದ ಆಯವ್ಯಯದಲ್ಲಿ ವಸತಿರಹಿತರ ತಂಗುದಾಣ ಮತ್ತು ತುರ್ತು ಆಹಾರಕ್ಕೆಂದೇ ಪ್ರತ್ಯೇಕ ಶೀರ್ಷಿಕೆಯೊಂದು ಮೊದಲ ಬಾರಿಗೆ ಕಾಣಿಸಿಕೊಂಡಿತು. ಅದು ಕಾರ್ಯದರ್ಶಿಗಳ ಕೃಪೆಯೆಂದು ಹಲವರು ಹೊಗಳಿದರು. ಅವರು ಮಾತ್ರ ನಿವೃತ್ತರಾಗುವವರೆಗೂ, ತಂಗುದಾಣದ ಕಡತ ಬಂದರೆ ಮೊದಲು ಅದನ್ನೇ ತೆಗೆಯುತ್ತಿದ್ದರೆಂದು ಅವರ ಕಚೇರಿಯವರು ಹೇಳುತ್ತಾರೆ. ಮೇಲಿನ ಹಜಾರ ತೆರೆಯಿತು. ಸೌಟಕ್ಕನಿಗೆ ದೊಡ್ಡ ಪಾತ್ರೆ ಬಂತು. ಈಚಿನ ವರ್ಷಗಳಲ್ಲಿ ಊಟಕ್ಕೆ ‘ಇಲ್ಲ’ ಎನ್ನಬೇಕಾದ ಸಂಜೆಗಳು ಅಪರೂಪ. ಇತರ ಊರುಗಳಲ್ಲೂ ತಂಗುದಾಣಗಳು ಎದ್ದವು. ಇಸ್ತ್ರಿಯಣ್ಣ ಬದುಕಿದಷ್ಟು ಕಾಲ ಬಾಗಿಲ ಬಳಿಯ ಆ ಸ್ಟೂಲು ಬಿಡಲಿಲ್ಲ. ಕೊನೆಗೆ ಅವರು ಕಣ್ಣುಮುಚ್ಚಿದ್ದು ಮೂಲೆ ಬಿಗಿದ ಹಾಸಿಗೆಯ ಮೇಲೆ, ಮನೆಮಂದಿಯ ನಡುವೆ. ಆ ಹಾಸಿಗೆಯನ್ನು ದುಪ್ಪಟಿಯಮ್ಮನವರೇ ಹಾಸಿದ್ದರು.

ಆದರೆ ಹಾಸಿಗೆಗಳು ಇಂದಿಗೂ ಸಾಲವು. ಆ ಶೀರ್ಷಿಕೆಯ ಕೆಳಗಿನ ಮೊತ್ತವನ್ನು ಪ್ರತಿ ವರ್ಷವೂ ಯಾರೋ ಒಬ್ಬರು ಚಿವುಟಲು ನೋಡುತ್ತಾರೆ, ಪ್ರತಿ ವರ್ಷವೂ ದುಪ್ಪಟಿಯಮ್ಮನವರು ಚೀಲ ಹೆಗಲಿಗೇರಿಸಿ ಹೊರಡುತ್ತಾರೆ. ನಾನು ನಿವೃತ್ತನಾಗಿ, ಹೆಂಡತಿಯೂ ತೀರಿಕೊಂಡು, ಮನೆಯ ಗೋಡೆಗಳನ್ನು ನೋಡುತ್ತ ಕೂತಿದ್ದ ಕಾಲದಲ್ಲಿ ಅವರು ಒಂದು ದಿನ ಬಂದು, ಬಾಗಿಲಲ್ಲೇ ನಿಂತು, “ಊಟ ಆಯ್ತಾ ಸರ್?” ಎಂದು ಕೇಳಿದರು. ಆಗಿರಲಿಲ್ಲ. ಅವರು ಡಬ್ಬಿ ತೆರೆದರು. ನಾನು ಉಂಡಮೇಲೆ, “ಇಷ್ಟು ವರ್ಷ ಅವರ ಮಾತು ಬರೆದ್ರಿ, ಇನ್ನು ನಮ್ಮ ಮಾತು ಬರೀರಿ” ಎಂದರು. ಅಂದಿನಿಂದ ಅವರ ಮನವಿಗಳ ಅಕ್ಷರ ನನ್ನದು, ಮಾತು ಅವರದು. ನನ್ನ ಉದ್ದುದ್ದ ವಾಕ್ಯಗಳನ್ನು ನೋಡಿ, “ಸರ್, ಇದನ್ನ ಓದಿ ಮುಗಿಸೋದ್ರೊಳಗೆ ಮಂತ್ರಿಗಳ ಅವಧಿ ಮುಗಿಯುತ್ತೆ” ಎಂದು ರೇಗಿಸುವುದು ಅವರ ಹಕ್ಕು. ಈ ಲೇಖನಕ್ಕೂ ಅದೇ ಮಾತು ಬರಲಿದೆ ಎಂದು ಬಲ್ಲೆ.

ಮುಗಿಸುವ ಮುನ್ನ ಕಳೆದ ವಾರ ನಡೆದದ್ದೊಂದನ್ನು ಹೇಳಬೇಕು. ನಿವೃತ್ತರಾದ ದುಪ್ಪಟಿಯಮ್ಮನವರು ಬಾಣಂತಿ ಮಗಳನ್ನೂ ಮೊಮ್ಮಗಳನ್ನೂ ನೋಡಲು ಪರವೂರಿಗೆ ಹೋಗಿದ್ದರು. ಹೊಸ ಮುಖ್ಯಸ್ಥರು ಸಭೆಯಲ್ಲಿದ್ದರು. ನಾನು ಕಡತ ಜೋಡಿಸುತ್ತ ತಂಗುದಾಣದಲ್ಲಿದ್ದೆ. ಎರಡೂ ಹಜಾರಗಳು ತುಂಬಿದ್ದವು. ಮುಸ್ಸಂಜೆಯಲ್ಲಿ ಸೌಟಕ್ಕ ಬಂದು, “ಬಾಗಿಲಲ್ಲಿ ಒಬ್ಬರು ಬಂದಿದ್ದಾರೆ. ಊಟ ಹಾಕಿದೀನಿ, ಮಲಗೋಕೆ ಜಾಗ ಇಲ್ಲ. ಈಗ ಇಲ್ಲಿ ಹಿರಿಯರು ಅಂದ್ರೆ ನೀವೇ” ಎಂದರು.

ಎದ್ದು ಹೋದೆ. ನನ್ನ ವಯಸ್ಸಿನವರೇ ಒಬ್ಬರು, ತೊಳೆದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಜೀವಮಾನವೆಲ್ಲ ಆ ಒಂದು ಪದವನ್ನು ಸಾವಿರಾರು ಸಲ ಬರೆದುಕೊಂಡವನು ನಾನು. ಅದಕ್ಕೆ ಶೀಘ್ರಲಿಪಿಯಲ್ಲಿ ಒಂದು ಚಿಕ್ಕ ಗೀರು ಸಾಕು, ಕೈಗೆ ಏನೂ ಶ್ರಮವಿಲ್ಲ. ಬಾಯಿಯಿಂದ ಹೇಳಿದ್ದು ಅದೇ ಮೊದಲು. ಹೇಳಿದೆ. ದುಪ್ಪಟಿ ಕೊಟ್ಟೆ. ಅವರು ನನ್ನ ಮುಖ ನೋಡಿ, “ಇರಲಿ ಬಿಡಿ ಯಜಮಾನ್ರೇ, ನೀವೇನು ಮಾಡ್ತೀರಿ” ಎಂದು ನನಗೇ ಸಮಾಧಾನ ಹೇಳಿ ಹೋದರು. ಅವರು ರಸ್ತೆಯ ತಿರುವು ದಾಟುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ. ಈ ಮಾತನ್ನು ಇಷ್ಟು ವರ್ಷ ಪ್ರತಿ ಸಂಜೆ ಹೇಳಿ, ಮರುದಿನ ಬೆಳಿಗ್ಗೆ ಮತ್ತೆ ಎದ್ದು ಕಚೇರಿಯ ಮೆಟ್ಟಿಲು ಹತ್ತಿದ ಆ ತಾಯಿಯ ಎದೆ ಎಂಥದೆಂದು ನನಗೆ ಆ ಹೊತ್ತಿನಲ್ಲಿ ಅರ್ಥವಾಯಿತು, ಕಣ್ಣು ತುಂಬಿತು.

ಪೂಜ್ಯ ದುಪ್ಪಟಿಯಮ್ಮನವರೇ, ವಯಸ್ಸಿನಲ್ಲಿ ನಿಮಗಿಂತ ಹಿರಿಯನಾದ್ದರಿಂದ ಹರಸುವ ಅಧಿಕಾರ ನನಗಿದೆ. ನೂರು ವರ್ಷ ಬಾಳಿ. ಮೊಮ್ಮಗಳ ಮದುವೆಯ ಹಾಸಿಗೆಯ ಮೂಲೆಗಳನ್ನೂ ನೀವೇ ಬಿಗಿಯಿರಿ. ಈ ಸಲ ಹಾಸಿಗೆಗಳಿಗಾಗಿ ಬರೆದ ಮನವಿ ಸಿದ್ಧವಾಗಿದೆ, ವಾಕ್ಯಗಳನ್ನು ಚಿಕ್ಕದು ಮಾಡಿದ್ದೇನೆ. ವಿಶ್ರಾಂತಿ ತೆಗೆದುಕೊಳ್ಳಿ ಎಂದು ಈ ಗ್ರಂಥದಲ್ಲಿ ಎಲ್ಲರೂ ಬರೆದಿರುತ್ತಾರೆ, ನಾನು ಬರೆಯಲಾರೆ. ಸೋಮವಾರ ಬೆಳಿಗ್ಗೆ ಹಣಕಾಸು ಕಚೇರಿಯ ಮೆಟ್ಟಿಲ ಬಳಿ ಕಾದಿರುತ್ತೇನೆ, ಬನ್ನಿ. ಈ ಸಲ ಒಳಗೆ ಮಾತಾಡುವವನು ನಾನು. ನೀವು ಪಕ್ಕದಲ್ಲಿರಿ ಸಾಕು.